ಸೊನ್ನೆಗಿಂತ ಹಗುರವಾದ ಹೊಗೆ

ಬೆಳಗಿನ ಐದೂ ಮುಕ್ಕಾಲು. ಊರು ಇನ್ನೂ ಮಗ್ಗುಲು ಬದಲಿಸುತ್ತಿದೆ. ವಾಹನ ಪರೀಕ್ಷಾ ಕೇಂದ್ರದ ನೆಲಮಹಡಿಯಲ್ಲಿ, ಉದ್ದನೆಯ ಕಾರಿಡಾರಿನ ಕೊನೆಗೆ, ಕಿಟಕಿಯೇ ಇಲ್ಲದ ಒಂದು ಸಣ್ಣ ಕೋಣೆಯ ಹೊರಗೆ ಒಬ್ಬರು ಚಪ್ಪಲಿ ಬಿಡುತ್ತಾರೆ. ಬಳೆ ಕಳಚಿ ಕೈಚೀಲಕ್ಕೆ ಹಾಕುತ್ತಾರೆ. ಕೂದಲನ್ನೆಲ್ಲ ಬಟ್ಟೆಯ ಟೋಪಿಯೊಳಗೆ ತುರುಕುತ್ತಾರೆ. ಮುಖಕ್ಕೆ ಪೌಡರ್ ಇಲ್ಲ, ತಲೆಗೆ ಎಣ್ಣೆ ಇಲ್ಲ, ತೊಟ್ಟಿದ್ದು ಬರೀ ಹತ್ತಿ ಬಟ್ಟೆ. ಒಳಗೆ ಹೋದವರು ಬಾಗಿಲು ಹಾಕಿಕೊಂಡು, ಮೂಲೆಯ ಸ್ಟೂಲಿನ ಮೇಲೆ ಕೂತು, ಹತ್ತು ನಿಮಿಷ ಏನೂ ಮಾಡುವುದಿಲ್ಲ.

“ಕೋಣೆಗೆ ನನ್ನ ಪರಿಚಯ ಆಗ್ಬೇಕಲ್ಲ,” ಎನ್ನುತ್ತಾರೆ. “ನಾನು ಬಂದ ತಕ್ಷಣ ಅದಕ್ಕೆ ಗಾಬರಿ. ಮೈಯ ಬಿಸಿ, ಉಸಿರಿನ ತೇವ, ಎಲ್ಲಾ ಹೊಸದು. ಸ್ವಲ್ಪ ಹೊತ್ತು ಸುಮ್ನೆ ಕೂತ್ರೆ, ಓ ಇವಳಾ, ದಿನಾ ಬರೋಳು ಅಂತ ಅದೂ ಸುಮ್ಮನಾಗತ್ತೆ.”

ಕೋಣೆಯ ನಡುವೆ ಕಲ್ಲಿನ ಮೇಜು. ಅದರ ಮೇಲೆ ಗಾಜಿನ ಗೂಡಿನೊಳಗೆ ಒಂದು ತಕ್ಕಡಿ. ತಟ್ಟೆ ಎರಡಿಲ್ಲ, ಮುಳ್ಳಿಲ್ಲ. ಬೆರಳಗಲದ ಒಂದು ಬಿಲ್ಲೆ, ಪಕ್ಕದಲ್ಲಿ ಅಂಕಿಗಳ ಪರದೆ, ಅಷ್ಟೇ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು, ಅಂದರೆ ಒಂದು ಮೈಕ್ರೋಗ್ರಾಮನ್ನು, ಇದು ಗುರುತಿಸುತ್ತದೆ. ಇದರ ಮುಂದೆ ಕಣ್ಣಿನ ರೆಪ್ಪೆಗೂದಲು ಒಂದು ದೊಡ್ಡ ದಿಮ್ಮಿ. ಬೆರಳಚ್ಚಿಗೂ ಇಲ್ಲಿ ತೂಕವಿದೆ. ಅದಕ್ಕೇ ಇಲ್ಲಿ ಯಾರೂ ಏನನ್ನೂ ಕೈಯಲ್ಲಿ ಮುಟ್ಟುವುದಿಲ್ಲ, ಎಲ್ಲವೂ ಚಿಮಟದಿಂದ.

ಅವರು ಚಿಮಟದ ಚಪ್ಪಟೆ ತುದಿಯಿಂದ ಒಂದು ದುಂಡನೆಯ ಬಿಳಿ ಫಿಲ್ಟರ್ ಕಾಗದವನ್ನು ಎತ್ತುತ್ತಾರೆ. ಟೀ ಲೋಟದ ಬಾಯಿಯಷ್ಟಗಲ. ಬಿಲ್ಲೆಯ ಮೇಲೆ ಇಟ್ಟು ಗಾಜಿನ ಬಾಗಿಲು ಸರಿಸುತ್ತಾರೆ. ಅಂಕಿಗಳು ಮೊದಲು ಓಡುತ್ತವೆ, ಆಮೇಲೆ ನಡೆಯುತ್ತವೆ, ಆಮೇಲೆ ತೂಕಡಿಸುತ್ತವೆ. ಕೊನೆಯ ಅಂಕಿ ಮಾತ್ರ ನಿದ್ದೆ ಬಾರದ ಮಗುವಿನ ಹಾಗೆ ಇನ್ನೂ ಹೊರಳುತ್ತಿರುತ್ತದೆ. ಅದು ನಿಲ್ಲುವವರೆಗೆ ಅವರ ಉಸಿರೂ ಅರ್ಧಕ್ಕೇ ನಿಂತಿರುತ್ತದೆ.

ಇಲ್ಲಿ ತೂಗುವುದು ಚಿನ್ನವನ್ನಲ್ಲ, ಔಷಧಿಯನ್ನೂ ಅಲ್ಲ. ಹೊಗೆಯನ್ನು. ಕೇಂದ್ರದ ನೂರಿಪ್ಪತ್ತು ಮಂದಿಗೆ ಇವರು ‘ತಕ್ಕಡಿ ಅಕ್ಕ’. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಇವರೇ ಎರಡು ಗಳಿಗೆ ತಡವಾಗಿ ತಿರುಗುತ್ತಾರೆ.

ಕೆಲಸ ಹೇಳುವುದಕ್ಕೆ ಸುಲಭ. ಮಾರುಕಟ್ಟೆಗೆ ಬರಬೇಕಾದ ಪ್ರತಿಯೊಂದು ಹೊಸ ಮಾದರಿಯ ಡೀಸೆಲ್ ಕಾರೂ ಮೊದಲು ಇಲ್ಲಿಗೆ ಬರುತ್ತದೆ. ಪಕ್ಕದ ದೊಡ್ಡ ಹಾಲಿನಲ್ಲಿ ಒಂದು ರಾತ್ರಿ ಹದವಾದ ತಂಪಿನಲ್ಲಿ ಅದನ್ನು ಮಲಗಿಸುತ್ತಾರೆ. ಬೆಳಿಗ್ಗೆ ಎಂಜಿನ್ ಶುರು ಮಾಡದೆ, ಕೈಯಲ್ಲೇ ತಳ್ಳಿಕೊಂಡು ಹೋಗಿ ರೋಲರ್ ಮೇಲೆ ನಿಲ್ಲಿಸುತ್ತಾರೆ. ಚಾಲಕ ಕೂತು ಓಡಿಸಿದರೆ ಚಕ್ರ ತಿರುಗುತ್ತದೆ, ರೋಲರ್ ತಿರುಗುತ್ತದೆ, ಕಾರು ಮಾತ್ರ ಇದ್ದಲ್ಲೇ ಇರುತ್ತದೆ. ಮೂವತ್ತು ನಿಮಿಷ, ಇಪ್ಪತ್ತಮೂರು ಕಿಲೋಮೀಟರ್. ಅಷ್ಟು ಹೊತ್ತೂ ಹೊಗೆಕೊಳವೆಯಿಂದ ಬಂದದ್ದರಲ್ಲಿ ಒಂದು ಪಾಲು ಅಕ್ಕನ ಬಿಳಿ ಕಾಗದದ ಮೂಲಕ ಹಾದುಹೋಗುತ್ತದೆ. ಓಟಕ್ಕೆ ಮುಂಚೆ ಕಾಗದದ ತೂಕ ಒಂದು, ಓಟವಾದ ಮೇಲೆ ಇನ್ನೊಂದು. ನಡುವಿನ ವ್ಯತ್ಯಾಸವೇ ಹೊಗೆಯ ಮಸಿ. ಅದು ಮಿತಿಯೊಳಗಿದ್ದರೆ ಕಾರು ರಸ್ತೆಗೆ, ಮೀರಿದರೆ ಮನೆಗೆ.

ಇಪ್ಪತ್ತೆರಡು ವರ್ಷ ಹಿಂದೆ ಅಕ್ಕ ಈ ಕಟ್ಟಡಕ್ಕೆ ಬಂದದ್ದು ನೆಲ ಒರೆಸುವುದಕ್ಕೆ. ಆಗ ತಕ್ಕಡಿ ಹೊಸದು. ದಿನಾ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅಂಕಿಗಳು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದವು. ದೊಡ್ಡ ದೊಡ್ಡವರೆಲ್ಲ ಬಂದು ಮೇಜು ಬದಲಿಸಿದರು, ವೈರು ಬದಲಿಸಿದರು. ಕಂಪನಿಯವರು ಬಂದು ತಕ್ಕಡಿಯನ್ನೇ ಬದಲಿಸಿದರು. ಕುಣಿತ ನಿಲ್ಲಲಿಲ್ಲ. ಬಾಗಿಲ ಹೊರಗೆ ಒರೆಸುವ ಕೋಲು ಹಿಡಿದು ನಿಂತಿದ್ದ ಹೆಂಗಸು ಮೂರನೇ ದಿನ ಬಾಯಿ ಬಿಟ್ಟರು.

“ಅದು ಲಿಫ್ಟು ಸಾರ್. ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ಮೇಲೆ ಹೋಗ್ತಾರಲ್ಲ, ಆಗ ನನ್ನ ಕೋಲು ನಡುಗತ್ತೆ. ನೆಲ ನಡುಗಿದ್ರೆ ನಿಮ್ಮ ಮೇಜು ನಡುಗಲ್ವಾ?”

ಲಿಫ್ಟ್ ನಿಲ್ಲಿಸಿ ನೋಡಿದರು. ಅಂಕಿಗಳು ಸಾಧುವಾದವು. ಕೋಣೆಯನ್ನು ಕಟ್ಟಡದ ಇನ್ನೊಂದು ತುದಿಗೆ ಒಯ್ದರು, ಒರೆಸುವ ಕೋಲು ಹಿಡಿದವರ ಕೈಗೆ ಚಿಮಟ ಕೊಟ್ಟರು. ಕಲಿಯಲು ಎಂಟು ತಿಂಗಳು ಹಿಡಿಯಿತು. “ಕೈ ಕಲೀತು ಬೇಗ,” ಎನ್ನುತ್ತಾರೆ ಅಕ್ಕ. “ಕಾಯೋದು ಕಲಿಯೋಕೆ ಹೊತ್ತಾಯ್ತು.”

ಆಗಿನ ಕಾಗದಗಳು ಓಟ ಮುಗಿಸಿ ಬರುವಾಗ ಬಾಣಲೆಯ ತಳದಂತೆ ಕಪ್ಪಗಿರುತ್ತಿದ್ದವು. ತೂಗುವುದೇ ಬೇಡ, ನೋಡಿದರೆ ಸಾಕಿತ್ತು. ನಿಯಮ ಬಿಗಿಯಾದಂತೆ ಕಾಗದ ಬೂದಿ ಬಣ್ಣಕ್ಕೆ ಬಂತು, ಆಮೇಲೆ ಮೋಡದ ಬಣ್ಣ. ಈಗ ಹೊಗೆಕೊಳವೆಯೊಳಗೇ ಜೇನುಗೂಡಿನಂಥ ಒಂದು ಜಾಲರಿ ಇರುತ್ತದೆ. ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಂಡು, ತುಂಬಿದಾಗ ತಾನೇ ಕಾದು ಸುಟ್ಟುಹಾಕುತ್ತದೆ. ಇಲ್ಲಿನವರ ಬಾಯಲ್ಲಿ ಅದು ‘ಮಸಿಗೂಡು’. ಅದು ಬಂದ ಮೇಲೆ ಓಟ ಮುಗಿಸಿದ ಕಾಗದವನ್ನೂ ಓಟಕ್ಕೆ ಹೋಗದ ಕಾಗದವನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಕಣ್ಣು ಸೋತ ಜಾಗದಲ್ಲಿ ತಕ್ಕಡಿಯ ಕೆಲಸ ಶುರು. ದಿನಕ್ಕೆ ಹತ್ತು ಹನ್ನೆರಡು ಕಾಗದ, ಪ್ರತಿಯೊಂದಕ್ಕೂ ಓಟಕ್ಕೆ ಮುಂಚೆ ಎರಡು ತೂಕ, ಆಮೇಲೆ ಎರಡು ತೂಕ. ಇಷ್ಟು ವರ್ಷ ಅಕ್ಕ ತೂಗಿದ ಮಸಿಯನ್ನೆಲ್ಲ ಒಟ್ಟು ಮಾಡಿದರೆ ಒಂದು ಬೊಗಸೆ ತುಂಬೀತೋ ಇಲ್ಲವೋ.

ಮನೆಯಲ್ಲಿ ಇದನ್ನು ನಂಬಿಸುವುದೇ ಕಷ್ಟ. ಎರಡನೇ ಮಹಡಿಯ ಎರಡು ಕೋಣೆಯ ಮನೆ, ಕೆಳಗೆ ಬಸ್ಸು ತಿರುಗುವ ರಸ್ತೆ. ಗಂಡ ಬ್ರೆಡ್ಡಿನ ವ್ಯಾನ್ ಓಡಿಸುತ್ತಾರೆ, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಅತ್ತೆಯೇ ಆಡುತ್ತಾರೆ. ಎಪ್ಪತ್ತೆಂಟು ವರ್ಷದ ಅತ್ತೆಗೆ ಸೊಸೆಯ ಕೆಲಸ ಇವತ್ತಿಗೂ ಒಂದು ತಮಾಷೆ.

“ಹೊಗೆ ತೂಗ್ತಾಳಂತೆ! ಏನು, ಮಾರೋಕಾ? ಅಷ್ಟು ತೂಗ್ಬೇಕು ಅಂದ್ರೆ ನಮ್ಮ ಬಾಲ್ಕನಿಗೆ ಬಾರೇ. ಬೆಳಿಗ್ಗೆ ಒಗೆದು ಹಾಕಿದ ಬಿಳೀ ದಿಂಬಿನ ಚೀಲ ಸಂಜೆಗೆ ಇಲಿ ಬಣ್ಣ ಆಗಿರತ್ತೆ. ಇದನ್ನ ತೂಗೋಕೆ ಯಾರೂ ಇಲ್ಲ.”

ಸೊಸೆ ನಗುತ್ತಾರೆ. ಅವರಿಗೆ ಆಗಾಗ ಒಂದು ಕನಸು ಬೀಳುತ್ತದೆ. ಊರಿನ ಹೊಗೆಯೆಲ್ಲ ಕಾರಿಡಾರಿನಲ್ಲಿ ಸಾಲಾಗಿ ನಿಂತಿರುತ್ತದೆ. ಬಸ್ಸಿನ ಹೊಗೆ, ಲಾರಿಯ ಹೊಗೆ, ಗಂಡನ ವ್ಯಾನಿನ ಹೊಗೆ. ಒಂದೊಂದೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಾಚುತ್ತಾ ಬಂದು ಬಿಲ್ಲೆಯ ಮೇಲೆ ಕೂರುತ್ತದೆ. ಎಲ್ಲಕ್ಕಿಂತ ಹಿಂದೆ ಅತ್ತೆಯ ಕಾಲದ ಸೌದೆ ಒಲೆಯ ಹೊಗೆ, ತನ್ನದೇ ಕಣ್ಣೊರೆಸಿಕೊಳ್ಳುತ್ತಾ ನಿಂತಿರುತ್ತದೆ. “ಎಲ್ಲವನ್ನೂ ತೂಗಿ ಮುಗಿಸೋ ಹೊತ್ತಿಗೆ ಎಚ್ಚರ ಆಗಿಬಿಡತ್ತೆ. ಅಂಕಿ ಮಾತ್ರ ಒಂದೂ ನೆನಪಿರಲ್ಲ.”

ಎಚ್ಚರದಲ್ಲಿ ನೋಡಿದ ಒಂದು ಅಂಕಿಯನ್ನು ಮಾತ್ರ ಅವರು ಮರೆಯುವ ಹಾಗಿಲ್ಲ. ಅದು ಕಳೆದ ತಿಂಗಳ ಕೊನೆಯ ವಾರದ್ದು.

ಮುಂದಿನ ಒಂದನೇ ತಾರೀಖಿನಿಂದ ಹೊಸ ನಿಯಮ ಜಾರಿಯಾಗಲಿತ್ತು. ಶುಕ್ರವಾರ ಸಂಜೆ ಐದರೊಳಗೆ ಪರೀಕ್ಷೆ ಗೆದ್ದ ಕಾರಿಗೆ ಮಾತ್ರ ಹಳೆಯ ನಿಯಮದ ಮೇಲೆ ದಾರಿ. ಒಂದು ಚಿಕ್ಕ ಡೀಸೆಲ್ ಕಾರು ಆ ಸಾಲಿನ ಕೊನೆಯಲ್ಲಿತ್ತು. ಅದರ ಜೊತೆ ಬಂದಿದ್ದ ಎಂಜಿನಿಯರಿಗೆ ಇಲ್ಲಿ ಇಟ್ಟ ಅಡ್ಡಹೆಸರು ‘ನೀಲಿ ಮುಚ್ಚಳ’. ಹೊಗೆಯ ವಿಷ ಮುರಿಯುವ ಯೂರಿಯಾ ದ್ರಾವಣವನ್ನು ಹಾಕುವ ಬಾಯಿಗೆ ಕಾರಿನಲ್ಲಿ ನೀಲಿ ಮುಚ್ಚಳ ಇರುತ್ತದೆ; ಕಂಡ ಕಂಡವರಿಗೆಲ್ಲ “ನೀಲಿಗೆ ಡೀಸೆಲ್ ಹಾಕಬೇಡಿ” ಎಂದು ಹೇಳಿ ಹೇಳಿ ಅವನೇ ಆ ಹೆಸರಾದ. ನಾಲ್ಕು ವರ್ಷ ಅವನು ಆ ಒಂದೇ ಎಂಜಿನ್ನಿಗೆ ಜೋತುಬಿದ್ದಿದ್ದ. ಈ ಸಲ ತಪ್ಪಿದರೆ ಅದನ್ನು ಕೈಬಿಡುವುದಾಗಿ ಅವನ ಮೇಲಿನವರು ಹೇಳಿಯಾಗಿತ್ತು.

ಗುರುವಾರ ಬೆಳಿಗ್ಗೆ ಕಾರು ಓಡಿತು. ಓಡಿಸಿದವರು ಕೇಂದ್ರದ ಹಿರಿಯ ಚಾಲಕ. ಮೂವತ್ತು ವರ್ಷದಿಂದ ರೋಲರ್ ಮೇಲೆ ಓಡಿಸುತ್ತಾ, “ಭೂಮಿಗೆ ಹತ್ತು ಸುತ್ತು ಹಾಕಿದೀನಿ, ಒಂದು ಊರೂ ಸೇರಿಲ್ಲ,” ಎಂದು ಹೊಸಬರಿಗೆಲ್ಲ ಹೇಳುವ ಮನುಷ್ಯ. ಕಾಗದ ಅಕ್ಕನ ಕೋಣೆಗೆ ಬಂತು. ಎರಡು ಗಂಟೆ ಅದನ್ನು ಮುಚ್ಚಳದ ಕೆಳಗೆ ವಿಶ್ರಾಂತಿಗೆ ಬಿಟ್ಟು ಅಕ್ಕ ತೂಗಿದರು. ಓಟಕ್ಕೆ ಮುಂಚೆ ಇದ್ದದ್ದಕ್ಕಿಂತ ಹನ್ನೊಂದು ಮೈಕ್ರೋಗ್ರಾಂ ಕಡಿಮೆ.

ಮತ್ತೆ ತೂಗಿದರು. ಮತ್ತೆ ಹನ್ನೊಂದು ಕಡಿಮೆ.

ಹೊಗೆ ಹಾದುಹೋದ ಕಾಗದ ಹೋಗುವಾಗ ಇದ್ದದ್ದಕ್ಕಿಂತ ಹಗುರಾಗಿ ಬಂದಿತ್ತು. ಕೋಣೆಯಲ್ಲಿ ಎರಡು ಸಾಕ್ಷಿ ಕಾಗದಗಳು ಯಾವಾಗಲೂ ಇರುತ್ತವೆ. ಅವು ಎಲ್ಲಿಗೂ ಹೋಗುವುದಿಲ್ಲ; ಅವುಗಳ ತೂಕ ಬದಲಾದರೆ ಕೋಣೆಯೇ ಸುಳ್ಳು ಹೇಳುತ್ತಿದೆ ಎಂದು ಅರ್ಥ. ಅವೂ ಸರಿಯಾಗಿದ್ದವು. ಕಾನೂನಿನ ಪ್ರಕಾರ ಎಲ್ಲ ಚೊಕ್ಕ. ಬಾಗಿಲ ಗಾಜಿನ ಆಚೆ ನಿಂತು ಪರದೆ ನೋಡುತ್ತಿದ್ದ ನೀಲಿ ಮುಚ್ಚಳ ಕುಣಿಯುವುದೊಂದು ಬಾಕಿ.

“ಅಕ್ಕಾ! ಸೊನ್ನೆಗಿಂತ ಕಮ್ಮಿ! ನನ್ನ ಗಾಡಿ ಗಾಳೀನೇ ತೊಳೆದುಬಿಟ್ಟಿದೆ!”

“ಹಾಗಾದ್ರೆ ಒಂದು ಗಾಡಿ ನಮ್ಮನೆ ಮುಂದೆ ನಿಲ್ಸಪ್ಪ,” ಎಂದರು ಹಿರಿಯ ಚಾಲಕ. “ದಿನಾ ಬೆಳಿಗ್ಗೆ ಅದರ ಹಿಂದೆ ಪ್ರಾಣಾಯಾಮ ಮಾಡ್ತೀನಿ.”

ಅಕ್ಕ ನಗಲಿಲ್ಲ. ಇದೇ ಕಾರಿನ ಹಿಂದಿನ ವಾರದ ತಾಲೀಮು ಓಟಗಳಲ್ಲಿ ಹದಿನಾಲ್ಕು ಬಂದಿತ್ತು, ಹದಿನೇಳು ಬಂದಿತ್ತು. ಬಂದದ್ದು ಎಲ್ಲಿಗೆ ಹೋಯಿತು? ಅವರು ಭೂತಗನ್ನಡಿ ತೆಗೆದು ಕಾಗದದ ಅಂಚನ್ನು ಸುತ್ತಲೂ ನೋಡಿದರು. ಒಂದು ಕಡೆ, ಎಳ್ಳಿನ ತುದಿಯಷ್ಟು ಜಾಗದಲ್ಲಿ, ಎಳೆ ಕಿತ್ತುಬಂದಿತ್ತು.

ಆಗ ಅವರಿಗೆ ಸೋಮವಾರ ನೆನಪಾಯಿತು. ಸೋಮವಾರ ಚಿಮಟ ಕೈಜಾರಿ ಕಲ್ಲಿನ ಮೇಜಿಗೆ ಬಡಿದು ನೆಲಕ್ಕೆ ಬಿದ್ದಿತ್ತು. ಎತ್ತಿ, ಒರೆಸಿ, ಮತ್ತೆ ಅದನ್ನೇ ಹಿಡಿದು ಕೆಲಸ ಮುಂದುವರಿಸಿದ್ದರು. ಅದು ಅವರ ಹಳೆಯ ಚಿಮಟ, ಹನ್ನೊಂದು ವರ್ಷದ್ದು. ಕೈಗೆ ಆರನೇ ಬೆರಳಾಗಿ ಹೋಗಿದ್ದು. ಬಿದ್ದದ್ದರ ತುದಿಯನ್ನು ಭೂತಗನ್ನಡಿಯಡಿ ಇಟ್ಟು ನೋಡಬೇಕೆಂದು ಹೊಸಬರಿಗೆ ಹೇಳಿಕೊಟ್ಟವರೇ ಅವರು. ತಾವು ನೋಡಿರಲಿಲ್ಲ.

ಈಗ ನೋಡಿದರು. ತುದಿಯಲ್ಲಿ ಬರಿಗಣ್ಣಿಗೆ ಕಾಣದ ಒಂದು ಮುಳ್ಳು ಎದ್ದಿತ್ತು. ಆದರೂ ಅನುಮಾನ ಬೇಡವೆಂದು ಹೊಸ ಪೊಟ್ಟಣದಿಂದ ಒಂದು ಕಾಗದ ತೆಗೆದು ತೂಗಿ, ಅದೇ ಚಿಮಟದಿಂದ ಹತ್ತು ಸಲ ಎತ್ತಿಳಿಸಿ, ಮತ್ತೆ ತೂಗಿದರು. ಮೂರು ಕಡಿಮೆ. ಚಿಮಟ ಕಾಗದವನ್ನು ತಿನ್ನುತ್ತಿತ್ತು.

ಅದರರ್ಥ, ಓಟ ಮುಗಿಸಿದವು, ಇನ್ನೂ ಸರದಿಯಲ್ಲಿದ್ದವು ಸೇರಿ, ಸೋಮವಾರದಿಂದ ತೂಗಿದ ನಲವತ್ತೊಂದು ಕಾಗದಗಳನ್ನೂ ನಂಬುವಂತಿಲ್ಲ. ನಾಲ್ಕು ಕಾರುಗಳ ಪರೀಕ್ಷೆ ನೀರುಪಾಲು. ಇಪ್ಪತ್ತೆರಡು ವರ್ಷದ ತೂಕದ ಪುಸ್ತಕದಲ್ಲಿ ಒಂದು ಸಲವೂ ‘ತೂಗಿದವರ ತಪ್ಪಿನಿಂದ ರದ್ದು’ ಎಂಬ ಸಾಲು ಬಂದಿರಲಿಲ್ಲ. ಅದು ಅಕ್ಕನಿಗೆ ಇದ್ದ ಒಂದೇ ಹೆಮ್ಮೆ. ಮಾತೆತ್ತದಿದ್ದರೆ ಯಾರಿಗೂ ತಿಳಿಯುವ ವಿಷಯವಲ್ಲ. ಮಾತೆತ್ತಿದರೆ ಆ ಚಿಕ್ಕ ಕಾರಿಗೆ ಉಳಿಯುವುದು ಶುಕ್ರವಾರ ಬೆಳಗಿನ ಒಂದೇ ಓಟ.

“ಗೋಡೆಗೆ ಒರಗಿ ಕೂತೆ,” ಎಂದು ಆ ಹೊತ್ತನ್ನು ಅವರು ನೆನೆಯುತ್ತಾರೆ. “ಕೋಣೆ ನನ್ನನ್ನೇ ನೋಡ್ತಾ ಇದೆ ಅನ್ನಿಸ್ತು. ಇಷ್ಟು ವರ್ಷ ಅದು ಸುಳ್ಳು ಹೇಳದ ಹಾಗೆ ನಾನು ಕಾದಿದ್ದೆ. ಅವತ್ತು ಅದು ನನ್ನನ್ನ ಕಾಯ್ತಾ ಇತ್ತು.”

ಅವರು ಎದ್ದು ಬರೆದರು. ದಿನಾಂಕ, ನಲವತ್ತೊಂದು ಕಾಗದಗಳ ನಂಬರು, ಕೆಳಗೆ ಕಾರಣ: ಬಿದ್ದ ಚಿಮಟವನ್ನು ಪರೀಕ್ಷಿಸದೆ ಬಳಸಿದ್ದು ನನ್ನ ತಪ್ಪು. ಸಹಿ ಮಾಡಿದರು. ಆಮೇಲೆ ಹೊರಗೆ ಹೋಗಿ ನೀಲಿ ಮುಚ್ಚಳಕ್ಕೆ ತಾವೇ ಹೇಳಿದರು.

ಅವನ ಮುಖ ಸುಣ್ಣದಂತಾಯಿತು. “ಅಕ್ಕ, ಸೊನ್ನೆ ಅಂದ್ರೆ ಸೊನ್ನೆ. ನಿಮ್ಮನ್ನ ಯಾರು ಕೇಳಿದ್ರು ಅಂಚು ನೋಡಿ ಅಂತ?”

“ಸೊನ್ನೆಗಿಂತ ಕಮ್ಮಿ ಹೊಗೆ ಬಿಡೋ ಗಾಡಿ ಈ ಪ್ರಪಂಚದಲ್ಲಿಲ್ಲ ಸಾರ್. ನಿಮ್ಮ ಗಾಡಿ ಒಳ್ಳೇದು. ಆದ್ರೆ ಅಷ್ಟೊಂದು ಒಳ್ಳೇದಲ್ಲ.”

“ನಾಳೆ ಓಟದ ಮಧ್ಯೆ ಮಸಿಗೂಡು ಕಾದುಬಿಟ್ರೆ? ಅದು ತುಂಬೋಕೆ ಬಂದಿದೆ. ಈಗ ಸುಟ್ಟು ತೆಗೆಯೋಣ ಅಂದ್ರೆ ಮತ್ತೆ ಇನ್ನೂರು ಕಿಲೋಮೀಟರ್ ಓಡಿಸಿ ಮಲಗಿಸ್ಬೇಕು. ಹೊತ್ತೆಲ್ಲಿದೆ? ಓಟದಲ್ಲಿ ಅದು ಉರಿಯೋಕೆ ಶುರು ಮಾಡಿದ್ರೆ ಹೊಗೆ ಮಿತಿ ಮೀರತ್ತೆ, ಎಲ್ಲಾ ಮುಗೀತು.”

ಅಕ್ಕನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದರು. “ನಾಲ್ಕು ವರ್ಷ ನೀವು ಮಾಡಿದ ಕೆಲಸಕ್ಕೆ ನನ್ನ ತಪ್ಪು ತೂಕ ಕೊಟ್ಟು ಕಳಿಸ್ಲಾ?” ಎಂದರು. “ನಾಳೆ ಸರಿಯಾಗಿ ತೂಗ್ತೀನಿ. ಅದಷ್ಟೇ ನನ್ನ ಕೈಲಿರೋದು.” ಅವನು ಹೊರಟುಹೋದ. ಹಿರಿಯ ಚಾಲಕ ಮಾತ್ರ, “ನಾಲ್ಕು ಗಾಡೀನೂ ಮತ್ತೆ ಓಡ್ಸು ಅಂತೀಯಲ್ಲಮ್ಮ,” ಎಂದು ಗೊಣಗಿ, ಆಮೇಲೆ ಮೆತ್ತಗೆ ಸೇರಿಸಿದರು, “ಹೋಗ್ಲಿ ಬಿಡು. ನನಗೇನು, ಎಲ್ಲಿಗೋ ಹೋಗೋದಿತ್ತಾ?”

ಶುಕ್ರವಾರ ಬೆಳಗ್ಗೆ ಆರೂವರೆ. ಮಲಗಿದ್ದ ಕಾರನ್ನು ನಾಲ್ವರು ಮೆಲ್ಲಗೆ ತಳ್ಳಿಕೊಂಡು ಬಂದರು. ಅಕ್ಕನಿಗೆ ರೋಲರ್ ಹಾಲಿನಲ್ಲಿ ಕೆಲಸವಿಲ್ಲ, ಆದರೂ ಅವತ್ತು ಗಾಜಿನ ಹಿಂದೆ ಬಂದು ನಿಂತರು. ಪಕ್ಕದಲ್ಲೇ ನೀಲಿ ಮುಚ್ಚಳ. ಇಬ್ಬರ ನಡುವೆ ಒಂದು ಆಳು ನಿಲ್ಲುವಷ್ಟು ಜಾಗ. ಎಂಜಿನ್ ಕೆಮ್ಮಿ ಎಚ್ಚೆತ್ತಿತು. ಚಕ್ರಗಳು ತಿರುಗಿದವು. ಹೊಗೆಕೊಳವೆಯ ಬಿಸಿಯನ್ನು ತೋರಿಸುವ ಗೆರೆ ಪರದೆಯ ಮೇಲೆ ಏರತೊಡಗಿತು. ಹದಿನೆಂಟನೇ ನಿಮಿಷಕ್ಕೆ ಅದು ಒಂದು ಸಲ ತಲೆಯೆತ್ತಿ ನೋಡಿತು. ನೀಲಿ ಮುಚ್ಚಳ ಕಣ್ಣು ಮುಚ್ಚಿಕೊಂಡ. ಅಕ್ಕ ಮುಚ್ಚಿಕೊಳ್ಳಲಿಲ್ಲ, ಅಂಕಿ ನಿಲ್ಲುವವರೆಗೆ ನೋಡುವುದು ಅವರ ಅಭ್ಯಾಸ. ಗೆರೆ ಸ್ವಲ್ಪ ಹೊತ್ತು ಅಲ್ಲೇ ಹೊಯ್ದಾಡಿ, ಬಂದ ದಾರಿಯಲ್ಲೇ ಇಳಿಯಿತು. ಮೂವತ್ತನೇ ನಿಮಿಷಕ್ಕೆ ಚಾಲಕ ಎಂಜಿನ್ ಆರಿಸಿ, ಕಿಟಕಿಯಿಂದ ಕತ್ತು ಹಾಕಿ, “ಯಾವ ಊರು ಬಂತಪ್ಪ?” ಎಂದರು.

ಮಸಿಗೂಡು ಉರಿದಿರಲಿಲ್ಲ.

ಕಾಗದಕ್ಕೆ ಎರಡು ಗಂಟೆ ವಿಶ್ರಾಂತಿ. ಅಕ್ಕ ಸ್ಟೂಲಿನ ಮೇಲೆ ಕೂತರು. ಆಮೇಲೆ ಹೊಸ ಚಿಮಟದಿಂದ ಅದನ್ನು ಎತ್ತಿ ಇಟ್ಟರು. ಹೊಸ ಚಿಮಟ ಕೈಗೆ ಇನ್ನೂ ನೆಂಟರ ಹಾಗೆ. ಅಂಕಿಗಳು ಓಡಿದವು, ನಡೆದವು, ತೂಕಡಿಸಿದವು. ಕೊನೆಯ ಅಂಕಿ ಎಷ್ಟೋ ಹೊತ್ತು ಹೊರಳಿ ನಿಂತಿತು. ಮೊದಲಿಗಿಂತ ಹದಿಮೂರು ಹೆಚ್ಚು. ಎರಡನೇ ತೂಕವೂ ಹದಿಮೂರು. ಮಿತಿಯ ಹತ್ತಿರವೂ ಸುಳಿಯದಷ್ಟು ಕಡಿಮೆ, ಆದರೆ ಸೊನ್ನೆಯಲ್ಲ.

ಬಾಗಿಲ ಗಾಜಿನ ಆಚೆಯಿಂದ ನೀಲಿ ಮುಚ್ಚಳ ಆ ಅಂಕಿಯನ್ನು ತುಂಬಾ ಹೊತ್ತು ನೋಡಿದ. ನಿನ್ನೆಯ ಸಂಭ್ರಮ ಇರಲಿಲ್ಲ. “ಹದಿಮೂರು,” ಎಂದ, ಆಗಷ್ಟೇ ಹುಟ್ಟಿದ ಕೂಸಿನ ತೂಕ ಹೇಳುವವನಂತೆ. “ಇದು ನಮ್ಮದೇ ಅಕ್ಕ.”

“ನಿಮ್ಮದೇ ಸಾರ್. ತಗೊಂಡು ಹೋಗಿ.”

ಉಳಿದ ಮೂರು ಕಾರುಗಳು ಹೊಸ ನಿಯಮಕ್ಕೇ ಬಂದವು, ಅವಕ್ಕೆ ಅವಸರವಿರಲಿಲ್ಲ. ಮುಂದಿನ ವಾರ ಮತ್ತೆ ಓಡಿದವು. ಅಕ್ಕನ ಹೆಸರಿನ ಮುಂದೆ ಪುಸ್ತಕದಲ್ಲಿ ಕೆಂಪು ಸಾಲು ಉಳಿಯಿತು. ಹೊಸಬರು ಬಂದರೆ ಅವರು ಈಗ ಮೊದಲು ತೆಗೆದು ತೋರಿಸುವುದು ಅದೇ ಪುಟ. ಹಳೆಯ ಚಿಮಟ ಮನೆಯಲ್ಲಿದೆ. ಅತ್ತೆ ಅದರಿಂದ ಗದ್ದದ ಕೂದಲು ಕೀಳುತ್ತಾರೆ. “ಮುಳ್ಳಿದ್ರೆ ಏನು, ಹಿಡಿತ ಚೆನ್ನಾಗಿದೆ,” ಎಂಬುದು ಅವರ ಶಿಫಾರಸು.

ಚಿಮಟದ ಜೊತೆ ಇನ್ನೊಂದು ವಸ್ತುವೂ ಮನೆಗೆ ಬಂತು. ಹತ್ತು ಸಲ ಎತ್ತಿಳಿಸಿ ನೋಡಿದ ಆ ಕಾಗದ ಇನ್ನು ಯಾವ ಪರೀಕ್ಷೆಗೂ ಬಾರದು, ಕಸಕ್ಕೇ ಹೋಗಬೇಕಿತ್ತು. ಮ್ಯಾನೇಜರನ್ನು ಕೇಳಿ ಅಕ್ಕ ಅದನ್ನು ತಂದರು. ಬಾಲ್ಕನಿಯ ಬಟ್ಟೆ ಹಗ್ಗಕ್ಕೆ, ದಿಂಬಿನ ಚೀಲದ ಪಕ್ಕ, ಒಂದು ಕ್ಲಿಪ್ಪು ಹಾಕಿ ನೇತುಹಾಕಿದರು.

“ಇದ್ಯಾವ ಗುಬ್ಬಿ ಕರ್ಚೀಫೇ?” ಎಂದರು ಅತ್ತೆ.

“ನೀವೇ ಅಂದ್ರಲ್ಲ ಅತ್ತೆ, ಈ ಬೀದಿ ಹೊಗೆ ತೂಗೋರು ಯಾರೂ ಇಲ್ಲ ಅಂತ.”

ಒಂಬತ್ತು ದಿನಕ್ಕೆ ಕಾಗದ ಸ್ಲೇಟಿನ ಬಣ್ಣಕ್ಕೆ ತಿರುಗಿತು. ಇಪ್ಪತ್ತೆರಡು ವರ್ಷದ ಹಿಂದಿನ ಕಾಗದಗಳು ಹೀಗೇ ಇದ್ದವು. ಅದನ್ನು ತೂಗಲು ತಕ್ಕಡಿ ಬೇಕಿಲ್ಲ, ಅತ್ತೆಯ ಕಣ್ಣೇ ಸಾಕು. ಕೆಲಸ ಮುಗಿಸಿ ಬಂದ ಮೇಲೆ ಅಕ್ಕ ದಿನವೂ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಕೆಳಗೆ ಬಸ್ಸು ತಿರುಗುತ್ತದೆ. ಕಾಗದ ಗಾಳಿಗೆ ಅಲ್ಲಾಡುತ್ತದೆ. ಗಂಡನ ವ್ಯಾನ್ ಬಂದು ನಿಂತ ಸದ್ದು ಕೇಳಿದಾಗ ಎಂಜಿನ್ ಬೇಗ ಆರಿಸಿ ಎಂದು ಮೇಲಿನಿಂದಲೇ ಕೈ ಮಾಡುತ್ತಾರೆ. ಅವರು ಆರಿಸುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಅಕ್ಕ ಹಗ್ಗದ ಕಡೆಗೇ ನೋಡುತ್ತಾರೆ. “ನಾನು ಕೆಲಸ ಬಿಡೋದರೊಳಗೆ ಒಂದ್ಸಲ ಇಲ್ಲಿಂದ ಒಂದು ಕಾಗದ ತೆಗೆದಾಗ, ಹೊಸದ್ಯಾವುದು ಹಳೇದ್ಯಾವುದು ಅಂತ ಅತ್ತೆಗೆ ಗೊತ್ತಾಗಬಾರದು. ಆಗ ಅದನ್ನ ನನ್ನ ಕೋಣೆಗೆ ತಗೊಂಡು ಹೋಗಿ ತೂಗ್ತೀನಿ.” ಕ್ಲಿಪ್ಪನ್ನು ಸರಿಮಾಡಿ ಹೇಳುತ್ತಾರೆ: “ಸೊನ್ನೆ ಬೇಡ. ಹದಿಮೂರು ಬಂದ್ರೂ ಸಾಕು.”